ಅಂಡಮಾನ್ ಪ್ಯಾಕೇಜು: ಒಂದು ಸಂಜೆಗೆ ಮುಗಿಯುವ ಚರಿತ್ರೆ

ಬೆಂಗಳೂರಿನ ಯಾವ ಟ್ರಾವೆಲ್ಸ್‌ನವರನ್ನು ಕೇಳಿದರೂ ಅಂಡಮಾನ್ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ. ಐದು ರಾತ್ರಿ, ಆರು ಹಗಲು. ಮೊದಲ ದಿನ ಪೋರ್ಟ್‌ಬ್ಲೇರಿನಲ್ಲಿ ಇಳಿದು, ಊಟ ಮುಗಿಸಿ ಸೆಲ್ಯುಲಾರ್ ಜೈಲು. ಕತ್ತಲಾದ ಮೇಲೆ ಅದೇ ಅಂಗಳದಲ್ಲಿ ಧ್ವನಿ-ಬೆಳಕಿನ ಪ್ರದರ್ಶನ. ಮರುದಿನದಿಂದ ಹ್ಯಾವ್‌ಲಾಕ್, ನೀಲ್, ರಾಧಾನಗರದ ಮರಳು, ಎಲಿಫೆಂಟ್ ಬೀಚಿನಲ್ಲಿ ಸ್ನಾರ್ಕ್ಲಿಂಗ್, ಗಾಜಿನ ತಳದ ದೋಣಿ. ವಾಪಸ್ ಬಂದು ಒಂದು ದಿನ ರಾಸ್ ದ್ವೀಪ ಮತ್ತು ನಾರ್ತ್ ಬೇ. ಬೇಕೆಂದವರಿಗೆ ಬಾರಾಟಾಂಗ್‌ನ ಸುಣ್ಣದಕಲ್ಲಿನ ಗುಹೆ. ಮದುವೆಯಾದ ಹೊಸತರಲ್ಲಿ ಹೋಗುವ ದಂಪತಿಗಳು, ಎಲ್‌ಟಿಸಿ ಸೌಲಭ್ಯದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಕೇಂದ್ರ ಸರ್ಕಾರಿ ನೌಕರರು, ನಿವೃತ್ತರ ತಂಡಗಳು, ಎಲ್ಲರಿಗೂ ಇದೇ ಪಟ್ಟಿ.

ಈ ಪ್ರವಾಸವನ್ನು ನಾನು ಹಳಿಯಲು ಹೊರಟಿಲ್ಲ. ಅಲ್ಲಿನ ನೀರು ನಿಜಕ್ಕೂ ಆ ಬಣ್ಣದ್ದೇ. ರಾಧಾನಗರದಲ್ಲಿ ಸಂಜೆ ಬೆಳಕು ಮಹುವಾ ಮರಗಳ ಸಾಲಿನ ಮೇಲೆ ಬೀಳುವುದನ್ನು ಯಾವ ಜಾಹೀರಾತೂ ಹೆಚ್ಚು ಮಾಡಿ ಹೇಳಿಲ್ಲ. ನನ್ನ ತಕರಾರು ಪಟ್ಟಿಯ ಜೋಡಣೆಯ ಬಗ್ಗೆ. ಚರಿತ್ರೆಯನ್ನು ಮೊದಲ ದಿನ ಒಂದೇ ಸಂಜೆಗೆ ತುರುಕಿ, ಅಲ್ಲಿಗೆ ಅದನ್ನು ಮುಗಿಸಿ, ಉಳಿದ ದಿನಗಳನ್ನು ಸಮುದ್ರಕ್ಕೆ ಬಿಟ್ಟುಕೊಡುತ್ತದೆ ಈ ಜೋಡಣೆ. ಜೈಲು ಒಂದು ಊರಿನಲ್ಲಿ, ಕಡಲತೀರ ಇನ್ನೊಂದೇ ಲೋಕದಲ್ಲಿ ಎಂಬ ಭಾವನೆ ಹೊತ್ತು ಜನ ಮನೆಗೆ ಬರುತ್ತಾರೆ. ಆದರೆ ಅಂಡಮಾನಿನಲ್ಲಿ ನಾವು ಈಜುವ ಪ್ರತಿಯೊಂದು ತೀರವೂ ಆ ಸೆರೆಯಿಂದ, ಅದರ ಹಿಂದಿನ ಮುಂದಿನ ಕ್ರೌರ್ಯದಿಂದ ಹುಟ್ಟಿದ ಜಾಗ. ಅದು ಗೊತ್ತಾದರೆ ರಜೆಯ ಸುಖ ಹಾಳಾಗುತ್ತದೆ ಎಂಬ ಹೆದರಿಕೆ ಪ್ರವಾಸ ಮಾರುವವರಿಗೆ ಇರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಗೊತ್ತಿಲ್ಲದೆ ಕೂತವನಿಗಿಂತ ಗೊತ್ತಿದ್ದು ಕೂತವನಿಗೆ ಆ ಮರಳು ಹೆಚ್ಚು ಕಾಣುತ್ತದೆ.

ಜೈಲಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಇದ್ದುದರಲ್ಲಿ ಅಚ್ಚುಕಟ್ಟಾಗಿ ನಡೆಯುವ ಭಾಗ ಅದು. 1896ರಲ್ಲಿ ಕಟ್ಟಲು ಆರಂಭಿಸಿ 1906ರಲ್ಲಿ ಮುಗಿಸಿದ ಕಟ್ಟಡ. ನಡುವಿನ ಗೋಪುರದಿಂದ ಏಳು ದಿಕ್ಕಿಗೆ ಏಳು ಅಂಕಣ, ಮೂರು ಅಂತಸ್ತು, 690ಕ್ಕೂ ಹೆಚ್ಚು ಒಂಟಿ ಕೋಣೆಗಳು. ಒಂದು ಕೋಣೆಯ ಬಾಗಿಲನ್ನು ಹತ್ತಿರ ನಿಂತು ನೋಡಬೇಕು. ಅಗುಳಿ ಬಾಗಿಲಿನಲ್ಲೇ ನಿಲ್ಲುವುದಿಲ್ಲ. ಉದ್ದಕ್ಕೆ ಚಾಚಿಕೊಂಡು ಪಕ್ಕದ ಗೋಡೆಯೊಳಗೆ ಕೊರೆದ ಗೂಡಿನವರೆಗೆ ಹೋಗುತ್ತದೆ, ಬೀಗ ಬೀಳುವುದು ಅಲ್ಲಿ. ಒಳಗಿದ್ದವನು ಸರಳಿನ ಸಂದಿಯಿಂದ ತೋಳನ್ನು ಭುಜದವರೆಗೆ ಹೊರಚಾಚಿದರೂ ಬೆರಳು ಅದಕ್ಕೆ ಎಟುಕುವುದಿಲ್ಲ. ಪ್ರತಿ ಅಂಕಣದ ಮುಖ ಇನ್ನೊಂದು ಅಂಕಣದ ಬೆನ್ನಿಗೆ. ಬಾಗಿಲಲ್ಲಿ ನಿಂತವನಿಗೆ ಎದುರಿಗೆ ಮನುಷ್ಯರ ಮುಖ ಸಿಗದು, ಗೋಡೆ ಮಾತ್ರ. ಈ ಲೆಕ್ಕಾಚಾರ ಮಾಡಿದವರ ಮನಸ್ಸನ್ನು ಆ ಗೂಡು ತೋರಿಸುವಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತೋರಿಸದು. ಗೈಡುಗಳು ಇದನ್ನು ಚೆನ್ನಾಗಿ ವಿವರಿಸುತ್ತಾರೆ. ಗಾಣದ ಮನೆಯಲ್ಲಿ ಕೊಬ್ಬರಿ ಎಣ್ಣೆ ತೆಗೆಯಲು ಎತ್ತಿನ ಬದಲು ಮನುಷ್ಯರನ್ನು ಹೂಡುತ್ತಿದ್ದುದು, ದಿನದ ಲೆಕ್ಕ ತುಂಬದಿದ್ದರೆ ಬೀಳುತ್ತಿದ್ದ ಛಡಿ ಏಟು, 1933ರ ಉಪವಾಸದಲ್ಲಿ ಬಲವಂತವಾಗಿ ಹಾಲು ಕುಡಿಸಲು ಹೋಗಿ ಮಹಾವೀರ ಸಿಂಗ್, ಮೋಹಿತ್ ಮೊಯಿತ್ರ, ಮೋಹನ್ ಕಿಶೋರ್ ನಾಮದಾಸ್ ಸತ್ತದ್ದು, ಎಲ್ಲವನ್ನೂ ಕೇಳಿಸಿಕೊಂಡು ಜನ ಕಣ್ಣೊರೆಸಿಕೊಳ್ಳುತ್ತಾರೆ. ಅವು ನಿಜವಾದ ಕಣ್ಣೀರು. ಗೋಪುರದ ಕಲ್ಲುಗಳ ಮೇಲೆ ಕೆತ್ತಿದ ಬಂಗಾಳದ, ಪಂಜಾಬಿನ ಹೆಸರುಗಳ ಮುಂದೆ ನಮ್ಮ ಕಡೆಯ ಹೈಸ್ಕೂಲು ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ.

ಆದರೆ ಈ ಕಥನದಲ್ಲಿ ಒಂದು ದೊಡ್ಡ ಕೊರತೆ ಇದೆ. ಅದು ರಾಜಕೀಯ ಕೈದಿಗಳ ಕಥೆಯನ್ನಷ್ಟೇ ಹೇಳುತ್ತದೆ. ಜೈಲು ಕಟ್ಟುವುದಕ್ಕೆ ಸುಮಾರು ನಲವತ್ತು ವರ್ಷ ಮೊದಲೇ, 1858ರ ಮಾರ್ಚ್ 10ರಂದು, ಜೇಮ್ಸ್ ಪ್ಯಾಟಿಸನ್ ವಾಕರ್ ಎಂಬ ವೈದ್ಯಾಧಿಕಾರಿ ಇನ್ನೂರು ಕೈದಿಗಳನ್ನು ಕರೆದುಕೊಂಡು ಇಲ್ಲಿ ಇಳಿದ. 1857ರ ದಂಗೆಯಲ್ಲಿ ಸಿಕ್ಕಿಬಿದ್ದವರು ಅವರಲ್ಲಿದ್ದರು. ಕಾಡು ಕಡಿಯಲು ಹಚ್ಚಿದ ಮೊದಲ ತಿಂಗಳುಗಳಲ್ಲೇ ನೂರಾರು ಮಂದಿ ತಪ್ಪಿಸಿಕೊಂಡರು. ಬರ್ಮಾದವರೆಗೆ ನೆಲದ ದಾರಿ ಇದೆಯೆಂದು ನಂಬಿ ಕಾಡು ಹೊಕ್ಕವರೂ ಇದ್ದರು. ಮರಳಿ ಸಿಕ್ಕವರಲ್ಲಿ ಎಂಬತ್ತಕ್ಕೂ ಹೆಚ್ಚು ಜನರನ್ನು ವಾಕರ್ ನೇಣಿಗೇರಿಸಿದ. ಅವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರ ಹಿಂದೆಯೇ ಬಂದವರು ಕೊಲೆ, ದರೋಡೆ, ಜಮೀನಿನ ಜಗಳದಲ್ಲಿ ಶಿಕ್ಷೆಯಾದ ಸಾಧಾರಣ ರೈತರು, ಕೂಲಿಗಳು. ಇಪ್ಪತ್ತನೇ ಶತಮಾನ ಹುಟ್ಟುವ ಹೊತ್ತಿಗೆ ಇಲ್ಲಿದ್ದ ಕೈದಿಗಳ ಸಂಖ್ಯೆ ಹತ್ತು ಸಾವಿರ ದಾಟಿತ್ತು. ರಸ್ತೆ ಮಾಡಿದವರು, ಜೌಗು ತುಂಬಿಸಿದವರು, ಚಾತಂ ದ್ವೀಪದ ಗರಗಸದ ಗಿರಣಿಗೆ ಪಡಾಕ್ ಮರ ಸಾಗಿಸಿದವರು, ಕೊನೆಗೆ ಸೆಲ್ಯುಲಾರ್ ಜೈಲನ್ನೇ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟಿದವರು ಇವರೇ.

ಹೆಂಗಸರೂ ಇದ್ದರು. ಅವರಿಗೆ ಬೇರೆ ಸೆರೆ, ಸೌತ್ ಪಾಯಿಂಟಿನಲ್ಲಿ. ನಡತೆ ಚೆನ್ನಾಗಿದೆ ಎನಿಸಿಕೊಂಡ ಗಂಡು ಕೈದಿಗೆ ಕೆಲವು ವರ್ಷಗಳ ನಂತರ ತುಂಡು ಭೂಮಿ ಸಿಗುತ್ತಿತ್ತು, ಮದುವೆಗೆ ಅನುಮತಿಯೂ ಸಿಗುತ್ತಿತ್ತು. ಹೆಣ್ಣು ಕೈದಿಗಳಲ್ಲಿ ಒಬ್ಬಳನ್ನು ಆರಿಸಿಕೊಂಡು, ಆಕೆ ಒಪ್ಪಿದರೆ, ಅಧಿಕಾರಿಯ ಮುಂದೆ ಮದುವೆ. ಜಾತಿ, ಭಾಷೆ, ಪ್ರಾಂತ್ಯ ಯಾವುದೂ ಊರಿನಲ್ಲಿದ್ದಷ್ಟು ಅಡ್ಡ ಬರಲಿಲ್ಲ. ಹೀಗೆ ಹುಟ್ಟಿದ ಮನೆಗಳ ಮಕ್ಕಳು ಮೊಮ್ಮಕ್ಕಳೇ ಇಂದು ದ್ವೀಪದಲ್ಲಿ ‘ಲೋಕಲ್ ಬಾರ್ನ್’ ಎಂದು ಕರೆಸಿಕೊಳ್ಳುವ ಸಮುದಾಯ. ಮನೆಮಾತು ಹಿಂದೂಸ್ತಾನಿ. ಹೋಟೆಲಿನ ಮೇಜು ಒರೆಸುವವರಲ್ಲಿ, ಟ್ಯಾಕ್ಸಿ ಓಡಿಸುವವರಲ್ಲಿ, ಜೆಟ್ಟಿಯಲ್ಲಿ ಟಿಕೆಟ್ ಹರಿಯುವವರಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವವರಲ್ಲಿ ಅವರಿದ್ದಾರೆ. ಪ್ರವಾಸಿಗೆ ಜೈಲು ಒಂದು ಮುಗಿದ ಅಧ್ಯಾಯ. ಅವನ ಎದುರಿಗೆ ತಟ್ಟೆ ಇಡುವ ವ್ಯಕ್ತಿಗೆ ಅದು ಮುತ್ತಜ್ಜಿಯ ಕಥೆ. ಧ್ವನಿ-ಬೆಳಕಿನ ಪ್ರದರ್ಶನದ ವೀರರಸಕ್ಕೆ ಈ ಮುತ್ತಜ್ಜಿ ಒಗ್ಗುವುದಿಲ್ಲ. ಆಕೆ ಹುತಾತ್ಮಳಲ್ಲ, ದೇಶಕ್ಕಾಗಿ ಏನನ್ನೂ ಮಾಡಿದವಳಲ್ಲ. ಆದರೆ ಕರಿನೀರಿನ ಶಿಕ್ಷೆ ಎಂಬುದರ ಅತಿ ದೊಡ್ಡ ಪಾಲನ್ನು ಉಂಡವಳು ಆಕೆ. ಇಂಥವರನ್ನು ಬಿಟ್ಟು ಹೇಳಿದ ಅಂಡಮಾನಿನ ಕಥೆಯನ್ನು ಪೂರ್ಣ ಕಥೆ ಎಂದು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ಏಳು ಅಂಕಣಗಳಲ್ಲಿ ಇಂದು ಉಳಿದಿರುವುದು ಮೂರು. ಕೆಲವನ್ನು ಜಪಾನೀಯರ ಕಾಲದಲ್ಲಿ ಕೆಡವಿದರು, ಉಳಿದವನ್ನು ಸ್ವಾತಂತ್ರ್ಯ ಬಂದ ಮೇಲೆ ನಾವೇ ಕೆಡವಿದೆವು. ಆ ಜಾಗದಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ಎದ್ದಿದೆ. ಹಿಂದೆ ಇಲ್ಲಿ ಸೆರೆಯಿದ್ದವರು ಪ್ರತಿಭಟಿಸಿದ್ದರಿಂದ ಉಳಿದದ್ದು ಉಳಿಯಿತು. 1979ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಸ್ಮಾರಕದ ಪಕ್ಕದಲ್ಲೇ ಹೆರಿಗೆ, ಜ್ವರ, ಅಪಘಾತಗಳ ನಿತ್ಯದ ಓಡಾಟ ಇರುವುದು ನನಗೆ ಅಪಚಾರವಾಗಿ ಕಾಣಲಿಲ್ಲ. ಆ ಆಸ್ಪತ್ರೆಗೂ ದ್ವೀಪದ ಇನ್ನೊಂದು ಕಥೆಗೂ ನಂಟಿದೆ, ಮುಂದೆ ಹೇಳುತ್ತೇನೆ.

ನಾರ್ತ್ ಬೇಗೆ ದೋಣಿ ಹೊರಡುವಾಗ ಗೈಡುಗಳೆಲ್ಲ ಹಳೆಯ ಇಪ್ಪತ್ತು ರೂಪಾಯಿ ನೋಟನ್ನು ತೆಗೆದು ತೋರಿಸುತ್ತಾರೆ. ತೆಂಗಿನ ಮರಗಳ ನಡುವೆ ದೀಪಸ್ತಂಭ ಕಾಣುವ ಆ ಚಿತ್ರ ಇಲ್ಲಿಯದೇ. ಅದನ್ನು ಮೌಂಟ್ ಹ್ಯಾರಿಯಟ್ ಬೆಟ್ಟದ ಕಡೆಯಿಂದ ತೆಗೆದದ್ದು. ಎಲ್ಲರೂ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಬೆಟ್ಟದ ಬುಡದಲ್ಲಿ ಹೋಪ್‌ಟೌನ್ ಇದೆ. 1872ರ ಫೆಬ್ರವರಿ 8ರಂದು ಭಾರತದ ವೈಸರಾಯ್ ಲಾರ್ಡ್ ಮೇಯೊ ಬೆಟ್ಟ ಹತ್ತಿ ಸೂರ್ಯಾಸ್ತ ನೋಡಿ, ಕತ್ತಲಾಗುವ ಹೊತ್ತಿಗೆ ಇಳಿದು ಹೋಪ್‌ಟೌನ್ ಜೆಟ್ಟಿಯಲ್ಲಿ ದೋಣಿ ಹತ್ತಲಿದ್ದ. ಶೇರ್ ಅಲಿ ಎಂಬ ಅಫ್ರೀದಿ ಪಠಾಣ, ಕ್ಷೌರಿಕನ ಕೆಲಸದಲ್ಲಿದ್ದ ಕೈದಿ, ಹಿಂದಿನಿಂದ ಹಾರಿ ಚೂರಿ ಹಾಕಿದ. ಬ್ರಿಟಿಷ್ ಭಾರತದಲ್ಲಿ ಅಧಿಕಾರದಲ್ಲಿದ್ದಾಗಲೇ ಕೊಲೆಯಾದ ವೈಸರಾಯ್ ಇವನೊಬ್ಬನೇ. ಮರು ತಿಂಗಳು ಶೇರ್ ಅಲಿಯನ್ನು ವೈಪರ್ ದ್ವೀಪದಲ್ಲಿ ಗಲ್ಲಿಗೇರಿಸಿದರು. ಬೆಂಗಳೂರಿನವರಿಗೆ ಈ ವೈಸರಾಯ್ ಅಪರಿಚಿತನಲ್ಲ. ಎಂ.ಜಿ. ರಸ್ತೆಯ ಕೊನೆಗೆ, ಕೋರ್ಟು ಕಲಾಪಗಳಿಗೆ ನಾವು ಅಲೆದಾಡುವ ಮೇಯೊ ಹಾಲ್ ಅವನ ನೆನಪಿಗೆ ಕಟ್ಟಿದ್ದು. ಆ ಕಟ್ಟಡದ ಮೆಟ್ಟಿಲು ಹತ್ತಿ ಇಳಿದವರು ಅದೇ ಮನುಷ್ಯ ಬಿದ್ದ ಜಾಗದ ಹತ್ತಿರ ಹಾದು, ನೋಟು ಹಿಡಿದು ಫೋಟೋ ತೆಗೆಸಿಕೊಂಡು ವಾಪಸಾಗುತ್ತಾರೆ. ಇದನ್ನು ಹೇಳಲು ಗೈಡಿಗೆ ಎರಡು ನಿಮಿಷ ಸಾಕು. ದೋಣಿ ದಾಟುವ ಹೊತ್ತು ಅದಕ್ಕಿಂತ ಹೆಚ್ಚು.

ಆ ಬೆಟ್ಟಕ್ಕೆ 2021ರಿಂದ ಮೌಂಟ್ ಮಣಿಪುರ ಎಂಬ ಹೆಸರು, 1891ರ ಯುದ್ಧದ ನಂತರ ಮಣಿಪುರದ ರಾಜ ಕುಲಚಂದ್ರನನ್ನೂ ಅವನ ಕಡೆಯವರನ್ನೂ ಇಲ್ಲಿಗೆ ಗಡೀಪಾರು ಮಾಡಿದ್ದರ ನೆನಪಿಗೆ. ಪೋರ್ಟ್‌ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಅದಕ್ಕೂ ಮುಂಚೆ, 2018ರ ಡಿಸೆಂಬರಿನಲ್ಲಿ, ರಾಸ್‌ಗೆ ನೇತಾಜಿ ಸುಭಾಷ್ ಚಂದ್ರ ಬೋಸರ ಹೆಸರು ಬಂತು, ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಈ ಬದಲಾವಣೆಗಳಿಗೆ ನನ್ನ ವಿರೋಧವಿಲ್ಲ. ಹೆನ್ರಿ ಹ್ಯಾವ್‌ಲಾಕ್, ಜೇಮ್ಸ್ ನೀಲ್ ಇಬ್ಬರೂ 1857ನ್ನು ರಕ್ತದಲ್ಲಿ ಮುಳುಗಿಸಿದ ಸೇನಾಧಿಕಾರಿಗಳು. ಅಲಹಾಬಾದು, ಕಾನ್ಪುರಗಳಲ್ಲಿ ನೀಲ್ ನಡೆಸಿದ ಸಾಮೂಹಿಕ ನೇಣುಗಳು ಅವನ ಕಾಲದ ಇಂಗ್ಲಿಷರಲ್ಲೂ ಕೆಲವರಿಗೆ ಅಸಹ್ಯ ಹುಟ್ಟಿಸಿದ್ದವು. ಸುತ್ತಲಿನ ದ್ವೀಪಗಳಿಗೂ ಔಟ್ರಂ, ನಿಕಲ್ಸನ್, ಹೆನ್ರಿ ಲಾರೆನ್ಸ್ ಎಂದು ಅದೇ ಗುಂಪಿನ ಹೆಸರು. ದಂಗೆ ಎದ್ದವರನ್ನು ತಂದು ಸುರಿದ ಸಮುದ್ರಕ್ಕೆ ದಂಗೆ ಅಡಗಿಸಿದವರ ಹೆಸರಿನ ಬೇಲಿ ಹಾಕಿದ್ದರು. ಬದಲಾಯಿಸಿದ್ದು ಸರಿ. ಆದರೆ ಫಲಕ ಬದಲಾದಾಗ ಹಳೆಯ ಹೆಸರು ಯಾರದು, ಏಕೆ ಇತ್ತು ಎಂಬುದನ್ನೂ ಪಕ್ಕದಲ್ಲಿ ಬರೆದಿಡಬೇಕಿತ್ತು. ಬೋಟಿನ ಟಿಕೆಟ್ಟಿನಲ್ಲಿ ಸ್ವರಾಜ್ ಎಂದಿದ್ದರೂ ಬಾಯಲ್ಲಿ ಎಲ್ಲರೂ ಹ್ಯಾವ್‌ಲಾಕ್ ಎನ್ನುತ್ತಾರೆ. ಎರಡೂ ಹೆಸರು ಪ್ರವಾಸಿಗೆ ಏನನ್ನೂ ಹೇಳದೆ ಉಳಿದುಬಿಟ್ಟಿವೆ.

ರಾಸ್ ದ್ವೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚದರ ಕಿಲೋಮೀಟರೂ ಇಲ್ಲದ ಆ ನೆಲದಲ್ಲಿ ಚರ್ಚು, ಬೇಕರಿ, ಈಜುಕೊಳ, ನೃತ್ಯದ ಸಭಾಂಗಣ, ಎಲ್ಲವೂ ಪಾಳು, ಎಲ್ಲವನ್ನೂ ಆಲದ ಬೇರು ತಬ್ಬಿಕೊಂಡಿದೆ. 1941ರ ಜೂನ್ ಭೂಕಂಪ, ಮರುವರ್ಷ ಜಪಾನೀಯರ ದಾಳಿ, ಅಲ್ಲಿಗೆ ಅದರ ವೈಭವ ಮುಗಿಯಿತು. ಪಾಳಿನ ಚೆಲುವು ನೋಡಿ ಜನ ಬ್ರಿಟಿಷರ ಅಭಿರುಚಿಯನ್ನು ಹೊಗಳುತ್ತಾ ದೋಣಿ ಹತ್ತುವುದು ನನ್ನನ್ನು ಕಳವಳಗೊಳಿಸುತ್ತದೆ. ಆ ಕಲ್ಲು ಹೊತ್ತದ್ದು ಕೈದಿಗಳು.

ಅದೇ ದ್ವೀಪದಲ್ಲಿ 1863ರಲ್ಲಿ ಇನ್ನೊಂದು ಕಟ್ಟಡ ಶುರುವಾಯಿತು: ‘ಅಂಡಮಾನ್ ಹೋಮ್’. ಹೆನ್ರಿ ಕಾರ್ಬಿನ್ ಎಂಬ ಪಾದ್ರಿಯ ಉಸ್ತುವಾರಿ. ದ್ವೀಪದ ಮೂಲನಿವಾಸಿಗಳಾದ ಗ್ರೇಟ್ ಅಂಡಮಾನಿಗಳನ್ನು ಹಿಡಿದು ತಂದು ‘ನಾಗರಿಕ’ರನ್ನಾಗಿ ಮಾಡುವ ಮನೆ. ಇಂಗ್ಲಿಷ್ ಕಲಿಸುವುದು, ಬಟ್ಟೆ ತೊಡಿಸುವುದು, ಕೆಲಸ ಮಾಡಿಸುವುದು. ಆ ಮನೆಗಳ ಮೂಲಕವೇ ಪರಂಗಿ ಹುಣ್ಣು ಹರಡಿತು. 1877ರಲ್ಲಿ ದಡಾರ ಬಂತು. ಅಲ್ಲಿ ಹುಟ್ಟಿದ ಕೂಸುಗಳು ಬದುಕಿ ಉಳಿಯಲಿಲ್ಲ. ವಾಕರ್ ಇಳಿದಾಗ ಸುಮಾರು ಐದು ಸಾವಿರ ಇದ್ದಿರಬಹುದೆಂದು ಅಂದಾಜಿರುವ ಜನ, 1901ರ ಜನಗಣತಿಗೆ 625. 1961ರಲ್ಲಿ 19. ಉಳಿದವರನ್ನು 1970ರ ಸುಮಾರಿಗೆ ಸ್ಟ್ರೈಟ್ ದ್ವೀಪಕ್ಕೆ ಸೇರಿಸಿದರು. 2010ರ ಜನವರಿಯಲ್ಲಿ ಬೋವಾ ಸೀನಿಯರ್ ಎಂಬ ವೃದ್ಧೆ ತೀರಿಕೊಂಡಾಗ ಬೋ ಭಾಷೆಯನ್ನು ಆಡುವ ಕೊನೆಯ ಬಾಯಿಯೂ ನಿಂತಿತು. ಕೊನೆಯ ವರ್ಷಗಳಲ್ಲಿ ತನ್ನ ಭಾಷೆಯಲ್ಲಿ ಮಾತಾಡಲು ಆಕೆಗೆ ಒಬ್ಬರೂ ಇರಲಿಲ್ಲ.

ಪೋರ್ಟ್‌ಬ್ಲೇರಿಗೆ ಹತ್ತಿರದ ಬೀಚು ಯಾವುದೆಂದು ಕೇಳಿದರೆ ಎಲ್ಲರೂ ಕಳುಹಿಸುವುದು ಕಾರ್ಬಿನ್ಸ್ ಕೋವ್‌ಗೆ. ಅದೇ ಕಾರ್ಬಿನ್. ಅರ್ಧಚಂದ್ರದ ಮರಳು, ಬಾಗಿದ ತೆಂಗು, ಜೆಟ್ ಸ್ಕೀಗಳ ಗದ್ದಲ, ಎಳನೀರು. ರಸ್ತೆಯ ಪಕ್ಕದಲ್ಲಿ ಜಪಾನೀಯರು ಕಟ್ಟಿದ ಕಾಂಕ್ರೀಟ್ ಬಂಕರ್ ಒಂದು ಈಗಲೂ ಸಮುದ್ರದ ಕಡೆಗೆ ಕಣ್ಣಿಟ್ಟು ಕೂತಿದೆ. ಅದರ ಕಿಂಡಿಯೊಳಗೆ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ. ಈ ಒಂದು ಕಡಲತೀರದಲ್ಲಿ ಅರ್ಧ ಗಂಟೆ ನಿಂತು ಓದಲು ಬೇಕಾದಷ್ಟು ಇದೆ: ಮನೆಯ ಹೆಸರಿನಲ್ಲಿ ಒಂದು ಜನಾಂಗವನ್ನು ಕೂಡಿಹಾಕಿದವನ ಹೆಸರು, ಆಮೇಲೆ ಬಂದ ಸಾಮ್ರಾಜ್ಯದ ಕೋವಿಯ ಕಿಂಡಿ, ಈಗ ನಮ್ಮ ಕಸ. ಫಲಕ ಒಂದು ಬೇಕು. ಅದು ಕಾರ್ಬಿನ್ ಯಾರು ಎಂದು ಹೇಳಬೇಕು. ಈ ದ್ವೀಪದ ಮೊದಲ ಜನರ ಬಗ್ಗೆ ತಿಳಿಯಬೇಕೆಂದಿದ್ದರೆ ಫೀನಿಕ್ಸ್ ಬೇಯ ಮಾನವಶಾಸ್ತ್ರ ಸಂಗ್ರಹಾಲಯಕ್ಕೆ ಹೋಗಬಹುದು. ಹಳೆಯ ಫೋಟೋಗಳು, ದೋಣಿ, ಬಿಲ್ಲು, ಗುಡಿಸಲಿನ ಮಾದರಿಗಳು. ಮಾರುವ ಪಟ್ಟಿಗಳಲ್ಲಿ ಅದು ಬಹುಮಟ್ಟಿಗೆ ಇರುವುದಿಲ್ಲ, ಇದ್ದರೂ ಮಳೆ ಬಂದ ದಿನಕ್ಕೆ.

ಹ್ಯಾವ್‌ಲಾಕ್‌ಗೆ ಬರೋಣ. ‘ಟೈಮ್’ ಪತ್ರಿಕೆ 2004ರಲ್ಲಿ ಏಷ್ಯಾದ ಅತ್ಯುತ್ತಮ ಬೀಚು ಎಂದದ್ದು ಇಲ್ಲಿನ 7ನೇ ನಂಬರಿನ ತೀರವನ್ನು, ಅಂದರೆ ರಾಧಾನಗರವನ್ನು. ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ ಎಂದು ಇಲ್ಲಿನ ಹಳ್ಳಿಗಳಿಗೆ ಹೆಸರು. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಎಲ್ಲ ಬಿಟ್ಟು ಬಂದವರಿಗೆ 1950ರ ದಶಕದಲ್ಲಿ ಸರ್ಕಾರ ಇಲ್ಲಿ ಕಾಡು ಕಡಿದು ಗದ್ದೆ ಮಾಡಿಕೊಳ್ಳಲು ಭೂಮಿ ಕೊಟ್ಟಿತು. ಊರು ಕಳೆದುಕೊಂಡವರು ತಮ್ಮ ದೇವರ ಹೆಸರನ್ನು ಹೊಸ ಊರಿಗೆ ಇಟ್ಟುಕೊಂಡರು. ಇವತ್ತು ಬೀಚಿನ ದಾರಿಯಲ್ಲಿ ಅಂಜಲ್ ಮೀನು ಹುರಿದುಕೊಡುವ ಹೋಟೆಲಿನ ಅಡುಗೆಮನೆಯಿಂದ ಬರುವ ಸಾಸಿವೆ ಎಣ್ಣೆಯ ವಾಸನೆ ಆ ಕಥೆಯದೇ ಭಾಗ. ಎಲಿಫೆಂಟ್ ಬೀಚಿನ ಆನೆಗಳೂ ತಾವಾಗಿ ಬಂದವಲ್ಲ. ಮರ ಎಳೆಯಲು ಹಡಗಿನಲ್ಲಿ ತಂದವು. ಮರ ಕಡಿಯುವುದು ನಿಂತ ಮೇಲೂ ಉಳಿದುಕೊಂಡ ರಾಜನ್ ಎಂಬ ಆನೆ ಸಮುದ್ರದಲ್ಲಿ ಈಜುವ ಚಿತ್ರ ಜಗತ್ತೆಲ್ಲ ಓಡಾಡಿತು.

ಆದರೆ ಹ್ಯಾವ್‌ಲಾಕ್‌ನಲ್ಲಿ ಯಾರೂ ಹೇಳದ ಇನ್ನೊಂದು ಘಟನೆ ಇದೆ, ಮತ್ತು ಈ ಬರಹಕ್ಕೆ ನನ್ನನ್ನು ಕೂರಿಸಿದ್ದು ಅದೇ. 1942ರ ಮಾರ್ಚ್ 23ರಂದು ಜಪಾನೀ ಸೈನ್ಯ ಅಂಡಮಾನನ್ನು ಹಿಡಿಯಿತು. ಬ್ರಿಟಿಷರಿಂದ ಬಿಡುಗಡೆ ಸಿಕ್ಕಿತೆಂದು ನಂಬಿದ ಜನರಿಗೆ ಸಿಕ್ಕಿದ್ದು ಗೂಢಚಾರಿಕೆಯ ಆರೋಪ, ಚಿತ್ರಹಿಂಸೆ, ಗುಂಡು. ಸೆಲ್ಯುಲಾರ್ ಜೈಲು ಮತ್ತೆ ತುಂಬಿತು, ಈ ಸಲ ದ್ವೀಪದವರಿಂದಲೇ. ಜನರ ವೈದ್ಯನೂ ಕವಿಯೂ ಆಗಿದ್ದ ಡಾ. ದಿವಾನ್ ಸಿಂಗ್ ಅದೇ ಜೈಲಿನಲ್ಲಿ ಹಿಂಸೆಯಿಂದ 1944ರ ಜನವರಿಯಲ್ಲಿ ತೀರಿಕೊಂಡರು. ನೇತಾಜಿ ಇಲ್ಲಿ 1943ರ ಡಿಸೆಂಬರ್ 30ರಂದು ತ್ರಿವರ್ಣ ಧ್ವಜ ಹಾರಿಸಿ ತಿಂಗಳು ಕಳೆದಿತ್ತು ಅಷ್ಟೆ. 1944ರ ಜನವರಿ 30ರಂದು ಹಂಫ್ರಿಗಂಜ್‌ನಲ್ಲಿ 44 ಮಂದಿಯನ್ನು ಒಟ್ಟಿಗೆ ಗುಂಡಿಟ್ಟು ಕೊಂದರು. ಅವರು ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನವರು. ಯುದ್ಧ ಸೋಲುತ್ತಾ ಬಂದಂತೆ ದ್ವೀಪದಲ್ಲಿ ಅನ್ನವಿರಲಿಲ್ಲ. 1945ರ ಆಗಸ್ಟ್‌ನಲ್ಲಿ, ಯುದ್ಧ ಮುಗಿಯಲು ದಿನಗಳಷ್ಟೇ ಉಳಿದಿದ್ದಾಗ, ಪೋರ್ಟ್‌ಬ್ಲೇರಿನ ನೂರಾರು ಜನರನ್ನು ಬೇಸಾಯಕ್ಕೆ ಕರೆದೊಯ್ಯುತ್ತೇವೆಂದು ದೋಣಿಗಳಿಗೆ ತುಂಬಿ ಹ್ಯಾವ್‌ಲಾಕ್ ಕಡೆಗೆ ಸಾಗಿಸಿದರು. ದಡ ಇನ್ನೂ ದೂರವಿರುವಾಗಲೇ ನೀರಿಗೆ ಇಳಿಸಿದರು. ಈಜು ಬಾರದವರು ಅಲ್ಲೇ ಮುಳುಗಿದರು. ಈಜಿ ದಡ ಮುಟ್ಟಿದವರಿಗೆ ಆಗ ಆ ದ್ವೀಪದಲ್ಲಿ ಗದ್ದೆಯಿರಲಿಲ್ಲ, ಮನೆಯಿರಲಿಲ್ಲ, ಒಂದು ಹಿಡಿ ಅಕ್ಕಿ ಇರಲಿಲ್ಲ. ವಾರಗಳ ನಂತರ ಸಹಾಯ ಬಂದಾಗ ಬದುಕಿದ್ದವರು ಬೆರಳೆಣಿಕೆಯಷ್ಟು.

ಸುಮಾರು ಎಂಬತ್ತು ವರ್ಷಗಳ ಹಿಂದಿನ ಈ ಸಾವಿಗೂ ಇವತ್ತಿನ ರಜೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧವಿದೆ. ಜೈಲಿನಲ್ಲಿ ಕಣ್ಣೊರೆಸಿಕೊಂಡ ಅದೇ ಜನ ಮರುದಿನ ಈ ತೀರಕ್ಕೆ ಬರುತ್ತಾರೆ. ಅಲ್ಲಿ ಸತ್ತವರಿಗಾಗಿ ಅತ್ತವರಿಗೆ ಇಲ್ಲಿ ಸತ್ತವರ ವಿಷಯ ಹೇಳದಿರುವುದು ಅವರ ಕಣ್ಣೀರಿಗೂ ಅವಮಾನ. ಹಂಫ್ರಿಗಂಜ್‌ನಲ್ಲಿ ಕನಿಷ್ಠ ಒಂದು ಬಲಿದಾನ ವೇದಿಕೆ ಇದೆ. ಹ್ಯಾವ್‌ಲಾಕ್‌ನ ನೀರಿನಲ್ಲಿ ಹೋದವರು ವೀರರ ಪಟ್ಟಿಗೂ ಸೇರಲಿಲ್ಲ, ಬ್ರಿಟಿಷರ ಕ್ರೌರ್ಯದ ಲೆಕ್ಕಕ್ಕೂ ಸೇರಲಿಲ್ಲ. ಅವರು ಮುಖ್ಯವಾಗಿ ಆ ಮುತ್ತಜ್ಜಿಯ ಮಕ್ಕಳು ಮೊಮ್ಮಕ್ಕಳು. ಹಾಗಾಗಿ ಮೊದಲ ಸಂಜೆಯ ಕಥೆಯಲ್ಲಿ ಇಲ್ಲದವರು ಮರುದಿನದ ತೀರದಲ್ಲೂ ಇಲ್ಲ.

ಸಮುದ್ರದ ಬಗ್ಗೆ ಎರಡು ಮಾತು. ನೀಲ್ ದ್ವೀಪದಲ್ಲಿ ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಹವಳದ ದಿಬ್ಬ ಮೇಲೇಳುತ್ತದೆ. ಕಲ್ಲಿನ ಸಹಜ ಸೇತುವೆ ನೋಡಲು ಹೋಗುವವರು ಆ ದಿಬ್ಬದ ಮೇಲೆಯೇ ಚಪ್ಪಲಿ ಹಾಕಿ ನಡೆಯುತ್ತಾರೆ. ಕುಣಿಯಲ್ಲಿ ನಿಂತ ನೀರಿನಿಂದ ಗೈಡೊಬ್ಬ ಸಮುದ್ರ ಸೌತೆಯನ್ನು ಎತ್ತಿ ಮಗುವಿನ ಅಂಗೈ ಮೇಲೆ ಇಟ್ಟದ್ದನ್ನು ನೋಡಿದೆ. ಕಪ್ಪು, ಮೆತ್ತಗೆ, ತಿರುಚಿಕೊಳ್ಳುತ್ತಿತ್ತು. ಕೈಯಿಂದ ಕೈಗೆ ದಾಟಿ, ಫೋಟೋಗಳಾಗಿ, ಕೊನೆಗೆ ಬೇರೊಂದು ಕುಣಿಗೆ ಬಿತ್ತು. 2010ರ ಬಿಸಿಗೆ ಇಲ್ಲಿನ ಹವಳ ಬಿಳಿಚಿಕೊಂಡು ಅಪಾರವಾಗಿ ಸತ್ತಿದೆ. ಚೇತರಿಸಿಕೊಳ್ಳುತ್ತಿರುವುದರ ಮೇಲೆ ಕಾಲಿಡುವುದನ್ನಾದರೂ ನಿಲ್ಲಿಸಬಹುದು. ಅದು ಸಾಧ್ಯ ಎಂಬುದಕ್ಕೆ ಸಾಕ್ಷಿ ಇದೇ ದ್ವೀಪಗಳಲ್ಲಿದೆ. ವಂಡೂರಿನ ಸಾಗರ ರಾಷ್ಟ್ರೀಯ ಉದ್ಯಾನದ ಜಾಲಿ ಬಾಯ್ ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಚೀಲ ಬಿಚ್ಚಿ ನೋಡುತ್ತಾರೆ, ಠೇವಣಿ ಇಟ್ಟುಕೊಂಡು ನೀರಿನ ಪಾತ್ರೆ ಕೊಡುತ್ತಾರೆ. ವರ್ಷದ ಕೆಲವು ತಿಂಗಳು ಜಾಲಿ ಬಾಯ್ ಮುಚ್ಚಿ ರೆಡ್ ಸ್ಕಿನ್ ದ್ವೀಪವನ್ನು ತೆರೆಯುತ್ತಾರೆ. ಗೊಣಗುತ್ತಲೇ ಎಲ್ಲರೂ ಪಾಲಿಸುತ್ತಾರೆ. ಅಂಡಮಾನ್ ಪ್ರವಾಸದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸಿದ ವ್ಯವಸ್ಥೆ ಇದು.

ವಂಡೂರು ಎಂಬ ಊರೂ ಕೈದಿಗಳದೇ. 1921ರ ಮಲಬಾರಿನ ದಂಗೆಯ ನಂತರ ಸಾಗಿಸಲ್ಪಟ್ಟ ಮಾಪಿಳ್ಳೆಗಳು ಇಲ್ಲಿ ನೆಲೆಯಾದರು. ಪೋರ್ಟ್‌ಬ್ಲೇರಿನ ಸುತ್ತ ಕ್ಯಾಲಿಕಟ್, ಮನ್ನಾರ್‌ಘಾಟ್, ತಿರೂರ್, ಮಂಜೇರಿ ಎಂಬ ಹಳ್ಳಿಗಳಿವೆ. ಜಾಲಿ ಬಾಯ್ ದೋಣಿಗೆ ಕಾಯುವ ಮಂಗಳೂರಿನವರಿಗೆ ಅಲ್ಲಿ ಮಲಯಾಳ ಕಿವಿಗೆ ಬಿದ್ದರೆ, ಅದು ಕೆಲಸಕ್ಕೆಂದು ಮೊನ್ನೆ ಬಂದವರ ಮಾತೇ ಆಗಿರಬೇಕೆಂದಿಲ್ಲ.

ಇನ್ನು ಬಾರಾಟಾಂಗ್. ಈ ಪ್ರವಾಸವನ್ನು ಪಟ್ಟಿಯಿಂದ ತೆಗೆಯಲೇಬೇಕು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಬೆಳಗಿನ ಜಾವ ಎದ್ದು ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲುವುದು, ಗೇಟು ತೆರೆದಾಗ ಪೊಲೀಸ್ ಕಾವಲಿನಲ್ಲಿ ವಾಹನಗಳ ಸಾಲು ಜರಾವಾ ಎಂಬ ಮೂಲನಿವಾಸಿಗಳ ಮೀಸಲು ಕಾಡಿನ ನಡುವೆ ಸಾಗುವುದು. ನಿಲ್ಲಿಸಬಾರದು, ಫೋಟೋ ತೆಗೆಯಬಾರದು, ತಿನ್ನಲು ಏನನ್ನೂ ಎಸೆಯಬಾರದು ಎಂಬ ನಿಯಮಗಳು ಇವೆ. ಅವು ಇರುವುದೇ ಅವನ್ನೆಲ್ಲ ಮಾಡಿದವರಿದ್ದರು ಎಂಬುದಕ್ಕೆ. ಜರಾವಾಗಳು ಕೆಲವೇ ನೂರು ಜನ. ಅವರ ಕಾಡನ್ನು ಸೀಳಿ ಅಂಡಮಾನ್ ಟ್ರಂಕ್ ರಸ್ತೆ ಮಾಡಿದಾಗ ಬಿಲ್ಲುಬಾಣ ಹಿಡಿದು ಎದುರಿಸಿದ ಜನ. 1996ರಲ್ಲಿ ಕಾಲು ಮುರಿದುಕೊಂಡು ಸಿಕ್ಕಿದ ಒಬ್ಬ ಜರಾವಾ ಹುಡುಗನನ್ನು ತಂದು ತಿಂಗಳುಗಟ್ಟಲೆ ಆರೈಕೆ ಮಾಡಿದ್ದು, ಜೈಲಿನ ಅಂಕಣಗಳಿದ್ದ ಜಾಗದಲ್ಲಿ ಎದ್ದ ಅದೇ ಪಂತ್ ಆಸ್ಪತ್ರೆಯಲ್ಲಿ. ಅವನು ಮರಳಿದ ಮೇಲೆ, 1997ರ ಕೊನೆಗೆ, ಜರಾವಾಗಳು ಬಿಲ್ಲು ಬಿಟ್ಟು ಹೊರಗೆ ಬರತೊಡಗಿದರು. 1999ರಲ್ಲಿ ಅವರಿಗೂ ದಡಾರ ತಗುಲಿತು.

ಈ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. 2012ರಲ್ಲಿ ಜರಾವಾ ಹೆಣ್ಣುಮಕ್ಕಳನ್ನು ಪ್ರವಾಸಿಗಳೆದುರು ಕುಣಿಸಿದ ವಿಡಿಯೋ ಹೊರಬಂದು ದೇಶ ತಲೆ ತಗ್ಗಿಸಿತು. ಮರುವರ್ಷ ಕೋರ್ಟು ಕೆಲಕಾಲ ಪ್ರವಾಸಿ ವಾಹನಗಳನ್ನು ತಡೆಯಿತು, ಆಮೇಲೆ ತಡೆ ಸಡಿಲವಾಯಿತು. ಗುಹೆ ನೋಡಲು ಹೋಗುತ್ತಿದ್ದೇವೆ, ಜನರನ್ನು ನೋಡಲು ಅಲ್ಲ ಎನ್ನುವವರ ಮಾತನ್ನು ನಾನು ನಂಬುತ್ತೇನೆ. ಆದರೆ ಆ ವಾಹನದೊಳಗೆ ಗೇಟು ದಾಟಿದ ಕ್ಷಣದಿಂದ ಎಲ್ಲರ ಕಣ್ಣು ಕಿಟಕಿಯ ಕಡೆಗೇ ಇರುತ್ತದೆ. ಅಂಡಮಾನ್ ಹೋಮ್‌ನಲ್ಲಿ ಆದದ್ದನ್ನು ತಿಳಿದ ಮೇಲೆ ಆ ಕಿಟಕಿಯ ಪಕ್ಕದ ಸೀಟಿಗೆ ದುಡ್ಡು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಸುಣ್ಣದಕಲ್ಲಿನ ಗುಹೆ ಬೇಕೆಂದವರಿಗೆ ದೇಶದಲ್ಲಿ ಬೇರೆ ಕಡೆಯೂ ಇವೆ.

ಬಾರಾಟಾಂಗ್ ಬಿಟ್ಟರೆ ಒಂದು ಪೂರ್ತಿ ದಿನ ಉಳಿಯುತ್ತದೆ. ಬೆಳಿಗ್ಗೆ ಫೀನಿಕ್ಸ್ ಬೇಯ ಸಂಗ್ರಹಾಲಯ, ಅಲ್ಲಿಂದ ಹಂಫ್ರಿಗಂಜ್, ಮಧ್ಯಾಹ್ನದ ಮೇಲೆ ವಂಡೂರಿನ ಮರಳು. ಎಲ್ಲವೂ ದಕ್ಷಿಣ ಅಂಡಮಾನಿನ ರಸ್ತೆಯಲ್ಲೇ, ಒಂದೇ ಟ್ಯಾಕ್ಸಿಯಲ್ಲಿ ಮುಗಿಯುವಂಥವು. ಬುಕಿಂಗ್ ಮಾಡುವಾಗಲೇ ಪಟ್ಟಿಯನ್ನು ಹೀಗೆ ತಿದ್ದಿಸಿಕೊಳ್ಳಬಹುದು. ಕೇಳುವವರು ಹೆಚ್ಚಾದರೆ ಟ್ರಾವೆಲ್ಸ್‌ನವರು ತಾವೇ ಹಾಕುತ್ತಾರೆ. ಹ್ಯಾವ್‌ಲಾಕ್ ಜೆಟ್ಟಿಯಲ್ಲಿ 1945ರ ಆಗಸ್ಟಿನ ಬಗ್ಗೆ ಒಂದು ಕಲ್ಲು ನೆಡಿಸುವ ಕೆಲಸ ಮಾತ್ರ ದ್ವೀಪಾಡಳಿತದ್ದು. ಲಕ್ಷಗಟ್ಟಲೆ ಜನ ಇಳಿಯುವ ಆ ಜೆಟ್ಟಿಯಲ್ಲಿ ನಿಂತು ಅದನ್ನು ಕೇಳುವ ಹಕ್ಕು ಪ್ರತಿಯೊಬ್ಬ ಪ್ರವಾಸಿಗೂ ಇದೆ. ನಾನಂತೂ ಬರೆದು ಕೇಳಿದ್ದೇನೆ.